ಅಪ್‌ಡೇಟ್: ಮೊಲದ ಮರಿಗಳು ಬದುಕಿವೆ, ಕಣ್ಣೂ ಬಿಟ್ಟಿವೆ

ಹೋದ ವಾರ ಕೇಳಿದ್ದೆನಲ್ಲ, ನಮ್ಮ ಮೊಲ ಮರಿ ಹಾಕಿದೆ ಆದರೆ ಇಡೀ ದಿನ ಗೂಡಿನ ಹತ್ತಿರವೂ ಹೋಗುತ್ತಿಲ್ಲ, ಮರಿಗಳನ್ನು ಬಿಟ್ಟುಬಿಟ್ಟಿದೆಯಾ ಅಂತ. ಬಿಟ್ಟಿಲ್ಲ! 5 ಮರಿಗಳೂ ಚೆನ್ನಾಗಿವೆ.

ನೀವು ಹೇಳಿದ್ದೇ ಸರಿ. ತಾಯಿ ಮೊಲ ದಿನಕ್ಕೆ ಒಂದೆರಡು ಸಲ ಮಾತ್ರ, ಅದೂ ಕೆಲವೇ ನಿಮಿಷ ಹಾಲು ಕೊಡುತ್ತದೆ, ಹೆಚ್ಚಾಗಿ ರಾತ್ರಿ ಇಲ್ಲವೇ ಬೆಳಗಿನ ಜಾವ. ನಾನು ಹಗಲೆಲ್ಲ ಕಾದು ಕೂತು ಸುಮ್ನೆ ಗಾಬರಿಯಾಗಿದ್ದೆ. ಮಾರನೇ ದಿನ ಬೆಳಿಗ್ಗೆ ಎದ್ದ ಕೂಡಲೇ ತಾಯಿ ಕಿತ್ತು ಹಾಸಿದ್ದ ತುಪ್ಪಳ ಸರಿಸಿ ನೋಡಿದೆ. ಮರಿಗಳ ಹೊಟ್ಟೆ ದುಂಡಗೆ ಉಬ್ಬಿತ್ತು, ತೆಳು ಚರ್ಮದೊಳಗೆ ಹಾಲಿನ ಬಿಳಿ ಪಟ್ಟಿ ಕಾಣುತ್ತಿತ್ತು. ಅದನ್ನು ನೋಡಿ ಅಳುವೇ ಬಂತು.

ಒಂದು ಮರಿ ಗೂಡಿನಿಂದ ಹೊರಗೆ ಬಿದ್ದು ತಣ್ಣಗಾಗಿತ್ತು. ಎರಡೂ ಅಂಗೈ ಮುಚ್ಚಿ ಬೆಚ್ಚಗೆ ಮಾಡಿ, ಅದು ಕಾಲು ಒದೆಯಲು ಶುರು ಮಾಡಿದ ಮೇಲೆ ವಾಪಸ್ ಇಟ್ಟೆ. ನಾವು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅಂತಾರೆ, ನಮ್ಮದು ಏನೂ ಮಾಡಲಿಲ್ಲ, ಹಾಲು ಕೊಟ್ಟಿತು. ನಿನ್ನೆ 10ನೇ ದಿನ, ಎರಡು ಮರಿ ಕಣ್ಣು ಬಿಟ್ಟವು.

ಗಂಡು ಮೊಲವನ್ನು ತಕ್ಷಣ ಬೇರೆ ಇಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಹೆತ್ತ ದಿನವೇ ಮತ್ತೆ ಗರ್ಭ ಕಟ್ಟಬಹುದಂತೆ, ಸುಮಾರು 31 ದಿನಕ್ಕೆ ಇನ್ನೊಂದು ಸೂಲು ಅಂದರೆ ತಾಯಿ ಸೋತು ಹೋಗುತ್ತದೆ ಅಲ್ವಾ. ಮರಿಗಳನ್ನು 8 ವಾರ ಆಗುವವರೆಗೆ ಯಾರಿಗೂ ಕೊಡುವುದಿಲ್ಲ.