ಅಪ್‌ಡೇಟ್: ಅಂಬಾಸಿಡರ್ ನೀರು ಸೋರುತ್ತಿದ್ದುದು ಪಂಪಿನಿಂದಲ್ಲ

ಬಳ್ಳಾರಿಯಿಂದ ನನ್ನ ಹಳೆ ಅಂಬಾಸಿಡರ್ (1489 ಸಿಸಿ ಪೆಟ್ರೋಲ್) ಬಗ್ಗೆ ಕೇಳಿದ್ದೆ, ನೆನಪಿದೆಯಾ? ಇಂಜಿನ್ ಬಿಸಿಯಾದ ಮೇಲಷ್ಟೇ ಅದನ್ನು ತಂಪಾಗಿಡುವ ನೀರು ಕೆಳಗೆ ತೊಟ್ಟಿಕ್ಕುತ್ತಿತ್ತು. ವಾಟರ್ ಪಂಪ್ ನೋಡಿ ಅಂತ ಜಾಸ್ತಿ ಜನ ಹೇಳಿದ್ರಿ. ಪಂಪಿನ ಹೊರಗೆ ಪಸೆಯೇ ಇರಲಿಲ್ಲ, ನೀರಿನ ಹೋಸ್‌ಗಳೂ ಗಟ್ಟಿ ಇದ್ದವು.

ಕಳ್ಳ ಸಿಕ್ಕಿದ್ದು ಇಂಜಿನ್ ಬ್ಲಾಕಿನ ಪಕ್ಕದ ಕೋರ್ ಪ್ಲಗ್‌ನಲ್ಲಿ. ಬ್ಲಾಕ್ ಎರಕ ಹೊಯ್ಯುವಾಗ ಒಳಗಿನ ಮರಳು ತೆಗೆಯಲು ಬಿಟ್ಟ ತೂತಿಗೆ ಬಡಿದ ತಗಡಿನ ಬಿಲ್ಲೆ ಅದು. ಒಳಗಿನಿಂದ ತುಕ್ಕು ತಿಂದು ಸೂಜಿ ಮೊನೆಯಷ್ಟು ತೂತಾಗಿತ್ತು. ತಣ್ಣಗಿದ್ದಾಗ ತುಕ್ಕೇ ಅದನ್ನು ಮುಚ್ಚಿರುತ್ತಿತ್ತು, ಒತ್ತಡ ಏರಿದಾಗ ಸೋರುತ್ತಿತ್ತು. ಹಿಂದಿನ ಮಾಲೀಕರು ತುಕ್ಕು ತಡೆಯುವ ಕೂಲಂಟ್ ದ್ರವ ಇಲ್ಲದೆ ವರ್ಷಗಟ್ಟಲೆ ಬರೀ ಬೋರ್ ನೀರು ಹಾಕಿದ್ದರಂತೆ. ಇನ್ನೇನಾಗುತ್ತೆ ಹೇಳಿ!

ಕೌಲ್ ಬಜಾರಿನ ಮೇಸ್ತ್ರಿ ಚಾಚಾ ಮೊದಲು ನೀರು ಪೂರ್ತಿ ಇಳಿಸಿದರು. ಪಂಚ್ ಇಟ್ಟು ಬಿಲ್ಲೆಯ ಒಂದಂಚಿಗೆ ಬಡಿದರು. ಅದು ಅಡ್ಡ ತಿರುಗಿತು, ಇಕ್ಕಳದಲ್ಲಿ ಎಳೆದರು. ಹಿಂದೆಯೇ ಕೆಂಪು ಕೆಸರು ಬಂತು, ನಮ್ಮ ಅದಿರು ಲಾರಿ ತೊಳೆದ ನೀರಿನ ಹಾಗೆ. ತೂತಿನ ಅಂಚು ಉಜ್ಜಿ, ಸೀಲಂಟ್ ಹಚ್ಚಿ, ಹಿತ್ತಾಳೆಯ ಪ್ಲಗ್ ಬಡಿದರು. ಹಿತ್ತಾಳೆಗೆ ತುಕ್ಕಿನ ಕಾಟ ಇಲ್ಲ ಅಲ್ವಾ?

ಸಿಸ್ಟಂ ಫ್ಲಶ್ ಮಾಡಿ, ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧ-ಅರ್ಧ ಹಾಕಿದ್ದೇವೆ. ಸಂಡೂರಿಗೆ ಹೋಗಿ ಬಂದೆ, ಒಂದು ಹನಿ ಇಲ್ಲ. ಉಳಿದ ಪ್ಲಗ್‌ಗಳೂ ಅದೇ ವಯಸ್ಸಿನವು, ಬೇಸಿಗೆಗೆ ಮೊದಲೇ ಬದಲಿಸುತ್ತೇನೆ.