ಬ್ಯಾಟರಿಯಿಂದ ಡಿಕ್ಕಿಗೆ ದಪ್ಪ ವೈರ್ ಎಳೆಯಬೇಕು, ಫೈರ್‌ವಾಲ್ ದಾಟಿಸುವುದು ಹೇಗೆ?

ರಾತ್ರಿಸವಾರಿ:

ಎಲ್ಲರಿಗೂ ನಮಸ್ಕಾರ. ಡಿಕ್ಕಿಯಲ್ಲಿ ಒಂದು ಸಬ್‌ವೂಫರ್, ಅದಕ್ಕೆ 500 ವಾಟ್ ಆರ್‌ಎಂಎಸ್‌ನ (ಅಂದರೆ ಸತತವಾಗಿ ಕೊಡಬಲ್ಲ ಪವರ್) ಕ್ಲಾಸ್ ಡಿ ಆಂಪ್ಲಿಫೈಯರ್ ಹಾಕಬೇಕು ಅಂತ ಸಾಮಾನೆಲ್ಲ ತಂದಿಟ್ಟುಕೊಂಡಿದ್ದೇನೆ. 4 ಗೇಜ್‌ನ ಪೂರ್ತಿ ತಾಮ್ರದ ವೈರ್ ಇದೆ. ಬ್ಯಾಟರಿ ಬಾನೆಟ್ ಒಳಗೆ, ಆಂಪ್ಲಿಫೈಯರ್ ಹಿಂದೆ, ನಡುವೆ ಎಂಜಿನ್‌ಗೂ ಕ್ಯಾಬಿನ್‌ಗೂ ಅಡ್ಡ ನಿಂತಿರುವ ಆ ತಗಡು, ಅದೇ ಫೈರ್‌ವಾಲ್. ಅಲ್ಲಿಗೆ ಬಂದು ಕೆಲಸ ನಿಂತಿದೆ.

ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಿ ನೋಡಿದೆ. ಕಂಪನಿಯ ವೈರಿಂಗ್ ಕಟ್ಟು ಒಂದು ದೊಡ್ಡ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರಿಸುವ ರಬ್ಬರ್ ಬಳೆ) ಮೂಲಕ ಒಳಗೆ ಬರುತ್ತದೆ, ಆದರೆ ಅಲ್ಲಿ ಬೆರಳು ತೂರಿಸಲೂ ಜಾಗ ಇಲ್ಲ. ಒಬ್ಬ ಗೆಳೆಯ ಆ ರಬ್ಬರಿಗೇ ಬ್ಲೇಡಿನಲ್ಲಿ ಸೀಳು ಹಾಕು ಅನ್ನುತ್ತಾನೆ. ಇನ್ನೊಬ್ಬ ಡ್ರಿಲ್ ಹಿಡಿದು ಒಂದು ತೂತು ಕೊರೆದುಬಿಡು, ಹತ್ತು ನಿಮಿಷದ ಕೆಲಸ ಅನ್ನುತ್ತಾನೆ. ನನಗೆ ಎರಡಕ್ಕೂ ಧೈರ್ಯ ಬರುತ್ತಿಲ್ಲ. ತಗಡಿನ ಆಚೆ ಏನಿದೆ ಅಂತ ಗೊತ್ತಿಲ್ಲದೆ ಡ್ರಿಲ್ ಇಡುವುದು ಹೇಗೆ?

ಇನ್ನೊಂದು ವಿಷಯ. ಕಿಟ್ ಜೊತೆ ಬಂದ ಫ್ಯೂಸ್ ಹೋಲ್ಡರ್ ದೊಡ್ಡದು, ಬ್ಯಾಟರಿ ಪಕ್ಕ ಕೂರುತ್ತಿಲ್ಲ. ಅದನ್ನು ಡಿಕ್ಕಿಯಲ್ಲೇ ಆಂಪ್ಲಿಫೈಯರ್ ಹತ್ತಿರ ಹಾಕಿದರೆ ನಡೆಯುತ್ತಾ? ಗಾಡಿ ಆಟೋಮ್ಯಾಟಿಕ್. ಮುಂದೆ ಎರಡು ಎಕ್ಸ್‌ಟ್ರಾ ಲೈಟ್ ಹಾಕುವ ಯೋಚನೆಯೂ ಇದೆ, ಅದರ ವೈರನ್ನೂ ಇದೇ ದಾರಿಯಲ್ಲಿ ತರಬಹುದಾ?

ತಾಮ್ರದೆಳೆ:

ತೂತಿನ ಮಾತು ಆಮೇಲೆ, ಮೊದಲು ಫ್ಯೂಸ್. ಡಿಕ್ಕಿಯಲ್ಲಿ ಹಾಕಿದರೆ ನಡೆಯುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಆ ಫ್ಯೂಸ್ ಕಾಪಾಡುವುದು ವೈರನ್ನು. ಆಂಪ್ಲಿಫೈಯರನ್ನು ಕಾಪಾಡಲು ಅದರ ಮೈಮೇಲೇ ಬೇರೆ ಫ್ಯೂಸ್ ಸಾಮಾನ್ಯವಾಗಿ ಇರುತ್ತದೆ. ನೀವು ಎಳೆಯುತ್ತಿರುವ ವೈರ್ ಐದು ಮೀಟರ್ ಉದ್ದ ಅಂತ ಇಟ್ಟುಕೊಳ್ಳಿ, ಅದು ಬ್ಯಾಟರಿಯ ಪ್ಲಸ್‌ನಿಂದ ಹೊರಟು ತಗಡು ದಾಟಿ, ಕಾರ್ಪೆಟ್ ಕೆಳಗೆ, ಸೀಟಿನ ಪಕ್ಕ ಹಾದು ಹಿಂದೆ ಹೋಗುತ್ತದೆ, ಸುತ್ತಲೂ ಇರುವ ಗಾಡಿಯ ಬಾಡಿ ಪೂರ್ತಿ ಮೈನಸ್. ದಾರಿಯಲ್ಲಿ ಎಲ್ಲಾದರೂ ವೈರ್ ಸಿಪ್ಪೆ ಸವೆದು ತಾಮ್ರ ತಗಡಿಗೆ ತಾಗಿತು ಅನ್ನಿ. ಬ್ಯಾಟರಿ ಆ ಕ್ಷಣಕ್ಕೆ ನೂರಾರು ಆಂಪ್ ಸುರಿಯುತ್ತದೆ. ಫ್ಯೂಸ್ ಡಿಕ್ಕಿಯಲ್ಲಿದ್ದರೆ ಆ ಕರೆಂಟು ಫ್ಯೂಸ್‌ವರೆಗೆ ಹೋಗುವುದೇ ಇಲ್ಲ, ನಡುವಿನಲ್ಲೇ ಬಾಡಿಗೆ ಇಳಿಯುತ್ತದೆ, ವೈರ್ ಕೆಂಪಗೆ ಕಾಯುತ್ತದೆ. ಅದನ್ನು ತಡೆಯಲು ದಾರಿಯಲ್ಲಿ ಏನೂ ಇಲ್ಲ.

ಅದಕ್ಕೇ ಬ್ಯಾಟರಿಯಿಂದ 18 ಇಂಚು, ಅಂದರೆ ಸುಮಾರು 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಬೇಕು ಅಂತ ಕಾರ್ ಆಡಿಯೋದವರು ಹೇಳುವುದು. ಇನ್ನೂ ಹತ್ತಿರ ಆದರೆ ಇನ್ನೂ ಒಳ್ಳೆಯದು. ಹೋಲ್ಡರ್ ದೊಡ್ಡದಾದರೆ ಚಿಕ್ಕದು ತಗೊಳ್ಳಿ, ಮಿನಿ ಎಎನ್‌ಎಲ್ ಅಥವಾ ಮಿಡಿ ಫ್ಯೂಸಿನ ಹೋಲ್ಡರ್ ಬಹಳ ಕಡೆ ಕೂರುತ್ತದೆ.

ಲೆಕ್ಕ ಹೀಗಿದೆ. ಕ್ಲಾಸ್ ಡಿ ಅಂದರೆ ಸುಮಾರು ನೂರಕ್ಕೆ ಎಂಬತ್ತರಷ್ಟು ದಕ್ಷತೆ ಅಂತ ಹಿಡಿದರೆ 500 ವಾಟ್ ಕೊಡಲು 625 ವಾಟ್ ಬೇಕು, 13.8 ವೋಲ್ಟಿನಲ್ಲಿ ಅದು 45 ಆಂಪ್. 60 ಆಂಪ್ ಫ್ಯೂಸ್ ಸಾಕು. 4 ಗೇಜ್ ತಾಮ್ರದ ವೈರ್ ಅದನ್ನು ಆರಾಮವಾಗಿ ತಡೆಯುತ್ತದೆ, ಐದು ಮೀಟರಿಗೆ ವೋಲ್ಟೇಜ್ ಇಳಿತ 0.2 ವೋಲ್ಟ್ ಒಳಗೇ ಇರುತ್ತದೆ. ಇದೇ 8 ಗೇಜ್ ಆಗಿದ್ದರೆ (ಗೇಜ್ ನಂಬರ್ ಜಾಸ್ತಿ ಆದಷ್ಟು ವೈರ್ ತೆಳು) ಅರ್ಧ ವೋಲ್ಟಿನ ಹತ್ತಿರ ಹೋಗುತ್ತಿತ್ತು. ವೈರ್ ನಿಜವಾಗಿ ತಾಮ್ರವೇ ಅಂತ ತುದಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇರಬಹುದು, ಆಗ ಒಂದೆರಡು ಸೈಜ್ ದಪ್ಪದ್ದು ಬೇಕಾಗುತ್ತದೆ.

ಹಳೇಎಂಜಿನ್:

ಮೇಲಿನವರು ಹೇಳಿದ್ದು ನನ್ನ ಗಾಡಿಯಲ್ಲಿ ಆಗಿಹೋಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಒಬ್ಬರ ಹತ್ತಿರ ಆಂಪ್ಲಿಫೈಯರ್ ಹಾಕಿಸಿದ್ದೆ. ಅವರು ತಗಡಿಗೆ ತೂತು ಕೊರೆದು ವೈರ್ ಹಾಗೇ ತೂರಿಸಿ, ಮೇಲೆ ಎರಡು ಸುತ್ತು ಇನ್ಸುಲೇಶನ್ ಟೇಪ್ ಸುತ್ತಿದ್ದರು. ಫ್ಯೂಸ್ ಡಿಕ್ಕಿಯಲ್ಲಿ. ಎಂಟು ತಿಂಗಳು ಏನೂ ತೊಂದರೆ ಇರಲಿಲ್ಲ. ಒಂದು ಸಂಜೆ ಓಡಿಸುತ್ತಿದ್ದಾಗ ರಬ್ಬರ್ ಸುಟ್ಟ ವಾಸನೆ ಬಂತು, ಹೊರಗಿನದು ಇರಬೇಕು ಅಂತ ಕಿಟಕಿ ಏರಿಸಿದೆ. ವಾಸನೆ ಜಾಸ್ತಿ ಆಯಿತು. ಎಡಗಡೆ ಕಾಲಿಡುವ ಜಾಗದಿಂದ ಹೊಗೆ ಏಳತೊಡಗಿತು. ಗಾಡಿ ನಿಲ್ಲಿಸಿ ಕೀ ತೆಗೆದೆ, ಹೊಗೆ ನಿಲ್ಲಲಿಲ್ಲ. ಆ ವೈರ್ ನೇರ ಬ್ಯಾಟರಿಯಿಂದ ಬಂದಿದ್ದರಿಂದ ಕೀಗೂ ಅದಕ್ಕೂ ಸಂಬಂಧವೇ ಇಲ್ಲ, ಅದು ನನಗೆ ಆಗ ಹೊಳೆಯಲಿಲ್ಲ. ಪುಣ್ಯಕ್ಕೆ ಡಿಕ್ಕಿಯಲ್ಲಿ 10ರ ಸ್ಪ್ಯಾನರ್ ಇತ್ತು, ಬಾನೆಟ್ ಎತ್ತಿ ಮೈನಸ್ ಟರ್ಮಿನಲ್ ಬಿಚ್ಚಿದೆ. ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಳು.

ಆಮೇಲೆ ಬಿಚ್ಚಿ ನೋಡಿದರೆ ತೂತಿನ ಅಂಚು ಗರಗಸದ ಹಾಗೆ ಇತ್ತು. ಎಂಜಿನ್ ಸಣ್ಣಗೆ ನಡುಗುತ್ತಲೇ ಇರುತ್ತದೆ ಅಲ್ವಾ, ದಿನಾ ಒಂದು ಕೂದಲಿನಷ್ಟು ತಿಂದರೂ ಎಂಟು ತಿಂಗಳಿಗೆ ತಾಮ್ರ ಮುಟ್ಟುತ್ತದೆ. ಟೇಪ್ ಬಿಸಿಗೆ ಅಂಟು ಬಿಟ್ಟು ಜಾರಿಹೋಗಿತ್ತು. ಡಿಕ್ಕಿಯ ಫ್ಯೂಸ್ ಮಾತ್ರ ಹೊಸದರ ಹಾಗೆ ಇತ್ತು.

ಬಾಗಿಲುತುದಿ:

ಎರಡು ಮಾತು. ಕಂಪನಿಯ ಗ್ರೊಮೆಟ್‌ಗೆ ಬ್ಲೇಡ್ ಹಾಕಬೇಡಿ. ಒಳಗೆ ವೈರುಗಳು ಎಷ್ಟು ಒತ್ತಾಗಿ ಕೂತಿರುತ್ತವೆ ಅಂದರೆ ಬ್ಲೇಡ್ ಎಲ್ಲಿ ತಾಗಿತು ಅಂತ ನಿಮಗೆ ಗೊತ್ತೇ ಆಗುವುದಿಲ್ಲ, ಆರು ತಿಂಗಳಾದ ಮೇಲೆ ಯಾವುದೋ ಸೆನ್ಸರ್ ತಪ್ಪು ತೋರಿಸತೊಡಗುತ್ತದೆ. ಕೆಲವು ಗ್ರೊಮೆಟ್‌ಗಳಲ್ಲಿ ಪಕ್ಕಕ್ಕೆ ಮುಚ್ಚಿದ ಮೊಲೆಯಂಥ ಒಂದು ತುದಿ ಇರುತ್ತದೆ. ಅದನ್ನು ಕತ್ತರಿಸಿಕೊಳ್ಳಬಹುದು, ಆದರೆ ಅದು ತೆಳು ವೈರಿಗೇ ಸರಿ.

ಬಾಗಿಲಿನ ಸಂದಿಯಲ್ಲಿ ತೂರಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಪ್ರತಿ ಸಲ ಬಾಗಿಲು ಹಾಕಿದಾಗ ವೈರ್ ಜಜ್ಜುತ್ತದೆ.

ಬಿಗಿತಿರುಪು:

ನಿಮ್ಮದು ಆಟೋಮ್ಯಾಟಿಕ್ ಅಂದಿರಿ. ಅದು ನಿಮ್ಮ ಅದೃಷ್ಟ ಇರಬಹುದು. ಇದೇ ಮಾದರಿಯಲ್ಲಿ ಮ್ಯಾನ್ಯುಯಲ್ ಗಾಡಿಯೂ ಬರುವುದಾದರೆ ಬಾಡಿಯ ತಗಡು ಎರಡಕ್ಕೂ ಸಾಮಾನ್ಯವಾಗಿ ಒಂದೇ. ಮ್ಯಾನ್ಯುಯಲ್‌ನಲ್ಲಿ ಕ್ಲಚ್ ಕೇಬಲ್ ಅಥವಾ ಕ್ಲಚ್ ಮಾಸ್ಟರ್ ಸಿಲಿಂಡರ್ ಹಾಯುವ ತೂತನ್ನು ನಿಮ್ಮದರಲ್ಲಿ ಮುಚ್ಚಿರುತ್ತಾರೆ, ರಬ್ಬರ್ ಬಿರಡೆಯಲ್ಲೋ ಚಿಕ್ಕ ಪ್ಲೇಟಿನಲ್ಲೋ. ಬ್ರೇಕ್ ಪೆಡಲ್ ಪಕ್ಕದಲ್ಲಿ ನೋಡಿ. ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಬರುವ ಮಾದರಿಗಳಲ್ಲಿ ಇನ್ನೊಂದು ಬದಿಯಲ್ಲೂ ಇಂಥ ಮುಚ್ಚಿದ ತೂತು ಇರಬಹುದು. ಬಾನೆಟ್ ತೆರೆಯುವ ಕೇಬಲ್ ಬರುವ ಗ್ರೊಮೆಟ್ ಕೂಡ ಒಂದು ಜಾಗ, ಆದರೆ 4 ಗೇಜ್ ಅಲ್ಲಿ ಹಿಡಿಸುವುದು ಕಷ್ಟ.

ಹುಡುಕಲು ಸುಲಭದ ದಾರಿ: ಕತ್ತಲಾದ ಮೇಲೆ ಒಬ್ಬರು ಬಾನೆಟ್ ಕಡೆಯಿಂದ ಟಾರ್ಚ್ ಹಿಡಿದು ತಗಡಿನ ಮೇಲೆ ನಿಧಾನವಾಗಿ ಆಡಿಸಲಿ, ನೀವು ಒಳಗೆ ಕಾರ್ಪೆಟ್ ಸರಿಸಿ ಮಲಗಿ ನೋಡಿ. ಬೆಳಕು ಬರದಿದ್ದರೆ ಒಬ್ಬರು ಬೆರಳಲ್ಲಿ ತಟ್ಟಿ, ಇನ್ನೊಬ್ಬರು ಸದ್ದು ಕೇಳಿ.

ರಾತ್ರಿಸವಾರಿ:

ಹಳೇಎಂಜಿನ್ ಅವರೇ, ನಿಮ್ಮದು ಓದಿ ಮೈ ಜುಮ್ಮೆಂದಿತು. ಮಗಳಿಗೆ ಏನೂ ಆಗಲಿಲ್ಲವಲ್ಲ, ಅಷ್ಟು ಸಾಕು. ಚಿಕ್ಕ ಫ್ಯೂಸ್ ಹೋಲ್ಡರ್ ಇವತ್ತೇ ತರುತ್ತೇನೆ. ಮುಚ್ಚಿದ ತೂತು ಸಿಗದಿದ್ದರೆ ಕೊರೆಯಲೇಬೇಕಾಗುತ್ತದೆ, ಅದನ್ನು ಸರಿಯಾಗಿ ಮಾಡುವುದು ಹೇಗೆ ಅಂತಲೂ ಯಾರಾದರೂ ಹೇಳಿ.

ಬೇಗಮುಗಿಸು:

ಅಷ್ಟೆಲ್ಲ ಬೇಡ ಸರ್. ಡ್ರಿಲ್ ಹಾಕಿ, ವೈರ್ ತೂರಿಸಿ, ಸುತ್ತ ಸಿಲಿಕಾನ್ ತುಂಬಿ. ಗಟ್ಟಿಯಾದ ಮೇಲೆ ವೈರ್ ಅಲುಗಾಡುವುದೇ ಇಲ್ಲ, ಗ್ರೊಮೆಟ್ ಯಾಕೆ?

ತಾಮ್ರದೆಳೆ:

ಸಿಲಿಕಾನ್ ಇರುವುದು ನೀರು ತಡೆಯಲು. ಅಂಚಿನಿಂದ ವೈರನ್ನು ದೂರ ಹಿಡಿಯುವ ಶಕ್ತಿ ಅದಕ್ಕಿಲ್ಲ, ವೈರ್ ಒಂದು ಕಡೆಗೆ ವಾಲಿ ತಗಡಿಗೆ ಒರಗಿದ್ದರೆ ಸಿಲಿಕಾನ್ ಒಳಗೇ ಸವೆಯುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ವಿನೆಗರ್ ವಾಸನೆಯ ಸಿಲಿಕಾನ್ ಆದರೆ ಬರಿ ತಗಡಿಗೆ ತುಕ್ಕೂ ಹಿಡಿಸುತ್ತದೆ. ಗ್ರೊಮೆಟ್ ಹಾಕಿದ ಮೇಲೆ ಸುತ್ತ ತೆಳ್ಳಗೆ ನ್ಯೂಟ್ರಲ್ ಸಿಲಿಕಾನ್ ಹಚ್ಚಿ, ಅದಕ್ಕೆ ನನ್ನ ತಕರಾರಿಲ್ಲ.

ಕೊರೆಯುವುದಾದರೆ: ಮೊದಲು ಬ್ಯಾಟರಿ ಮೈನಸ್ ಬಿಚ್ಚಿ. ತಗಡಿನ ಎರಡೂ ಬದಿ ಕೈಯಿಂದ ಮುಟ್ಟಿ ನೋಡಿ. ಒಳಗೆ ಹೀಟರ್ ಕೋರ್, ಎಸಿಯ ಇವಾಪರೇಟರ್ ಡಬ್ಬ, ಸ್ಟೀರಿಂಗ್ ಕಾಲಮ್, ವೈರಿಂಗ್ ಕಟ್ಟು. ಹೊರಗೆ ಬ್ರೇಕ್ ಬೂಸ್ಟರ್, ಬ್ರೇಕ್ ಪೈಪು, ಎಸಿ ಪೈಪು. ಬ್ರೇಕ್ ಪೈಪಿಗೆ ಡ್ರಿಲ್ ತಾಗಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಗಾಡಿಯಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅಲ್ಲಿಗೇ ಕೈ ತೆಗೆಯಿರಿ, ಅದು ಹೈ ವೋಲ್ಟೇಜ್, ಆ ಗಾಡಿಯ ಕೆಲಸ ಕಲಿತವರಿಗೇ ಬಿಡಿ.

ಎರಡೂ ಕಡೆ ಖಾಲಿ ಇರುವ, ಚಪ್ಪಟೆಯಾದ ಜಾಗ ಸಿಕ್ಕ ಮೇಲೆ 3 ಎಂಎಂ ಬಿಟ್ಟಿನಲ್ಲಿ ಚಿಕ್ಕ ತೂತು. ಬಿಟ್ಟಿಗೆ ಒಂದು ಮರದ ತುಂಡು ತೂರಿಸಿ, ತುದಿ ಮಾತ್ರ ಹೊರಗೆ ಉಳಿಯುವಂತೆ ಇಟ್ಟುಕೊಳ್ಳಿ, ಆಗ ಡ್ರಿಲ್ ಒಮ್ಮೆಗೇ ಒಳಗೆ ನುಗ್ಗುವುದಿಲ್ಲ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿರುವ ಸ್ಟೆಪ್ ಬಿಟ್ಟಿನಲ್ಲಿ ಬೇಕಾದಷ್ಟು ದೊಡ್ಡದು ಮಾಡಿ. ಅಂಚನ್ನು ದುಂಡು ಅರದಲ್ಲಿ ಉಜ್ಜಿ, ಬೆರಳು ಆಡಿಸಿದರೆ ಎಲ್ಲೂ ಚುಚ್ಚಬಾರದು. ಬರಿ ತಗಡಿಗೆ ಪ್ರೈಮರ್, ಮೇಲೆ ಪೇಂಟ್, ಒಣಗಲು ಬಿಡಿ. ಇಲ್ಲಿ ಅವಸರ ಮಾಡಿದರೆ ತುಕ್ಕು ಹಿಡಿದು ತೂತು ತಾನೇ ದೊಡ್ಡದಾಗುತ್ತದೆ. ಕಬ್ಬಿಣದ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಗ್ರೊಮೆಟ್ ಬದಲು ಕರೆಂಟ್ ಪ್ಯಾನೆಲ್‌ಗಳಿಗೆ ಹಾಕುವ ನೈಲಾನ್ ಕೇಬಲ್ ಗ್ಲ್ಯಾಂಡ್ ನನಗೆ ಹೆಚ್ಚು ಇಷ್ಟ. ತಿರುಗಿಸಿ ಬಿಗಿ ಮಾಡಿದರೆ ಒಳಗಿನ ರಬ್ಬರ್ ವೈರನ್ನು ಸುತ್ತಲಿಂದ ಹಿಡಿಯುತ್ತದೆ. ಎಳೆದರೂ ಜಾರುವುದಿಲ್ಲ, ನೀರೂ ಬರುವುದಿಲ್ಲ. ವೈರಿನ ಹೊರದಪ್ಪ ಅಳೆದು ತಗೊಳ್ಳಿ. ಗ್ರೊಮೆಟ್ಟೇ ಆದರೆ ಅದರ ತೂತು ವೈರಿಗಿಂತ ಸ್ವಲ್ಪ ಬಿಗಿ ಇರಲಿ, ತೂರಿಸಲು ಸೋಪು ನೀರು ಹಚ್ಚಿ. ಎಂಜಿನ್ ಆಯಿಲ್, ಗ್ರೀಸ್ ಹಚ್ಚಬೇಡಿ, ರಬ್ಬರ್ ಊದಿಕೊಳ್ಳುತ್ತದೆ.

ಒಂದು ಸಣ್ಣ ವಿಷಯ ಬಹಳ ಜನ ಮರೆಯುತ್ತಾರೆ. ಎಂಜಿನ್ ಕಡೆಯಲ್ಲಿ ವೈರ್ ಮೇಲಿನಿಂದ ನೇರ ತೂತಿಗೆ ಇಳಿಯಬಾರದು. ತೂತಿಗಿಂತ ಕೆಳಗೆ ಒಂದು ಬಳುಕು ಕೊಟ್ಟು ಮತ್ತೆ ಮೇಲೆ ತನ್ನಿ, ಆಗ ವೈರ್ ಮೇಲೆ ಹರಿದು ಬರುವ ಮಳೆ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕುತ್ತದೆ.

ಎರಡುದೀಪ:

ಲೈಟಿನ ಬಗ್ಗೆ ಯಾರೂ ಹೇಳಲಿಲ್ಲ. ಅದರ ಪವರ್ ವೈರನ್ನು ಕ್ಯಾಬಿನ್ ಒಳಗೆ ತರುವ ಅಗತ್ಯವೇ ಇಲ್ಲ. 55 ವಾಟಿನ ಎರಡು ಬಲ್ಬ್ ಅಂದರೆ 12 ವೋಲ್ಟಿಗೆ 9 ಆಂಪ್ ಚಿಲ್ಲರೆ. ಬ್ಯಾಟರಿ, 15 ಆಂಪ್ ಫ್ಯೂಸ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್), ಲೈಟು, ಎಲ್ಲ ಬಾನೆಟ್ ಕಡೆಯೇ ಇರಲಿ. ರಿಲೇಯ 30 ನಂಬರಿನ ಪಿನ್ನಿಗೆ ಫ್ಯೂಸಿನಿಂದ ಬಂದ ವೈರ್, 87ರಿಂದ ಲೈಟಿಗೆ, 85 ಬಾಡಿಗೆ, 86ಕ್ಕೆ ಸ್ವಿಚ್. ತಗಡು ದಾಟುವುದು ಆ 86ರ ತೆಳು ವೈರ್ ಒಂದೇ, ಅದರಲ್ಲಿ ಹರಿಯುವುದು ಸುಮಾರು 0.2 ಆಂಪ್. ಸ್ವಿಚ್ಚಿಗೆ ಕರೆಂಟನ್ನು ಒಳಗಿನ ಫ್ಯೂಸ್ ಬಾಕ್ಸಿನಿಂದಲೇ, ಫ್ಯೂಸ್ ಇರುವ ಟ್ಯಾಪ್ ಹಾಕಿ ತಗೊಳ್ಳಿ. ಗ್ರೊಮೆಟ್ಟಿನ ಮುಚ್ಚಿದ ತುದಿ ಅಂತ ಮೇಲೆ ಹೇಳಿದರಲ್ಲ, ಅದು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ರಾತ್ರಿಸವಾರಿ:

ಮುಗಿಯಿತು! ಎರಡು ಭಾನುವಾರ ಹಿಡಿಯಿತು.

ಬ್ರೇಕ್ ಪೆಡಲ್ ಎಡಕ್ಕೆ, ಸದ್ದು ತಡೆಯುವ ದಪ್ಪ ಹೊದಿಕೆಯ ಹಿಂದೆ, ಕ್ಲಚ್ ಜಾಗದಲ್ಲಿ ಎರಡು ನಟ್‌ನ ಪ್ಲೇಟ್ ಸಿಕ್ಕಿತು. ಬಿಗಿತಿರುಪು ಅವರಿಗೆ ದೊಡ್ಡ ಥ್ಯಾಂಕ್ಸ್. ಪ್ಲೇಟನ್ನೇ ಬಿಚ್ಚಿ ತಂದು ವೈಸ್‌ಗೆ ಕಚ್ಚಿಸಿ ಕೊರೆದೆ, ಗಾಡಿಯ ಹತ್ತಿರ ಡ್ರಿಲ್ ಒಯ್ಯಲೇ ಇಲ್ಲ! ಎಂ20 ಗ್ಲ್ಯಾಂಡ್ ಕೂರಿಸಿದೆ. ಎಂಜಿನ್ ಕಡೆ ವೈರಿಗೆ ಪೂರ್ತಿ ಕೊರಗೇಟೆಡ್ ಪೈಪ್ ತೊಡಿಸಿ, ಸೈಲೆನ್ಸರ್ ಮ್ಯಾನಿಫೋಲ್ಡ್‌ನಿಂದ ದೂರ, ಗೇಣಿಗೊಂದು ಕೇಬಲ್ ಟೈ ಹಾಕಿದ್ದೇನೆ. ಒಳಗೆ ವೈರ್ ಪೆಡಲ್ ಹತ್ತಿರ ಇಳಿಯುವುದರಿಂದ ಪಕ್ಕದ ಗೋಡೆಗೆ ಬಿಗಿಯಾಗಿ ಕಟ್ಟಿ, ಬ್ರೇಕ್ ಪೂರ್ತಿ ಒತ್ತಿ, ಸ್ಟೀರಿಂಗ್ ಎರಡೂ ಕೊನೆಗೆ ತಿರುಗಿಸಿ ನೋಡಿದೆ, ಎಲ್ಲೂ ತಾಗುತ್ತಿಲ್ಲ.

ಮೊದಲ ಸಲ ಪೈಪಿನಿಂದ ನೀರು ಬಿಟ್ಟು ನೋಡಿದಾಗ ಒಳಗೆ ಒಂದೆರಡು ಹನಿ ಬಂತು. ಗ್ಲ್ಯಾಂಡ್‌ನಿಂದ ಅಲ್ಲ, ಪ್ಲೇಟಿನ ಹಳೆ ಫೋಮ್ ಮಡಚಿಕೊಂಡಿತ್ತು. ಬಿಚ್ಚಿ ಸರಿಯಾಗಿ ಕೂರಿಸಿದ ಮೇಲೆ ಒಣಗಿಯೇ ಇದೆ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣು ದೂರದಲ್ಲಿ. ಜೋರಾಗಿ ಹಾಡು ಹಾಕಿ ಅಳೆದರೆ ಬ್ಯಾಟರಿ ಹತ್ತಿರ 14.1, ಆಂಪ್ಲಿಫೈಯರ್ ಹತ್ತಿರ 13.9 ವೋಲ್ಟ್.

ಒಂದೇ ಅನುಮಾನ. ಮೈನಸ್ ವೈರನ್ನು ಡಿಕ್ಕಿಯಲ್ಲಿ ಸೀಟ್ ಬೆಲ್ಟ್ ಬೋಲ್ಟಿಗೆ ಕೊಟ್ಟಿದ್ದೇನೆ, ಸರಿನಾ?

ತಾಮ್ರದೆಳೆ:

ಪ್ಲೇಟ್ ಬಿಚ್ಚಿ ಹೊರಗೆ ಕೊರೆದದ್ದು ಬಹಳ ಒಳ್ಳೆಯ ಕೆಲಸ. ಮೈನಸ್ ಮಾತ್ರ ಇವತ್ತೇ ಬದಲಿಸಿ. ಅಪಘಾತದಲ್ಲಿ ಒಬ್ಬ ಮನುಷ್ಯನ ಭಾರ ಪೂರ್ತಿ ತಡೆಯುವ ಬೋಲ್ಟ್ ಅದು, ಅದರ ಕೆಳಗೆ ಲಗ್ (ವೈರ್ ತುದಿಯ ಲೋಹದ ಉಂಗುರ) ಕೂರಿಸಿದರೆ ಕಂಪನಿ ಕೊಟ್ಟ ಬಿಗಿತ ಉಳಿಯುವುದಿಲ್ಲ. ಲಗ್ ತೆಗೆದ ಮೇಲೆ ಆ ಬೋಲ್ಟನ್ನು ಸರ್ವಿಸ್ ಪುಸ್ತಕದಲ್ಲಿರುವ ಟಾರ್ಕ್‌ಗೇ (ಬಿಗಿತದ ಅಳತೆಗೇ) ಬಿಗಿ ಮಾಡಿಸಿ. ಅರ್ತ್‌ಗೆ, ಅಂದರೆ ಆ ಮೈನಸ್ ವೈರಿಗೆ, ಬಾಡಿಯ ಬೇರೆ ದಪ್ಪ ಜಾಗ ನೋಡಿ, ಹೊಳೆಯುವ ಲೋಹ ಕಾಣುವವರೆಗೆ ಪೇಂಟ್ ಕೆರೆದು, ಅದೇ 4 ಗೇಜ್ ವೈರನ್ನು ಅರ್ಧ ಮೀಟರ್ ಒಳಗೆ ಮುಗಿಸಿ. ಆಮೇಲೆ ಅರ್ಧ ಗಂಟೆ ಹಾಡು ಹಾಕಿ ಫ್ಯೂಸ್ ಹೋಲ್ಡರ್, ಎರಡೂ ಕಡೆಯ ಲಗ್ ಮುಟ್ಟಿ ನೋಡಿ. ಯಾವುದಾದರೂ ಕೈಗೆ ಬಿಸಿ ತಾಗಿದರೆ ಅಲ್ಲಿ ಕ್ರಿಂಪ್ (ಲಗ್ಗನ್ನು ವೈರಿಗೆ ಒತ್ತಿ ಹಿಡಿಸಿದ ಜಾಗ) ಅಥವಾ ನಟ್ ಸಡಿಲ ಇದೆ ಅಂತ ಅರ್ಥ. ಒಂದು ತಿಂಗಳು ಓಡಿಸಿದ ಮೇಲೆ ಗ್ಲ್ಯಾಂಡನ್ನೂ ಒಮ್ಮೆ ತಿರುಗಿಸಿ ನೋಡಿ, ಹೊಸ ರಬ್ಬರ್ ಸ್ವಲ್ಪ ಕೂತಿರುತ್ತದೆ.

ರಾತ್ರಿಸವಾರಿ:

ಸ್ಪ್ಯಾನರ್ ಹಿಡಿದು ಈಗಲೇ ಕೆಳಗೆ ಹೋಗುತ್ತಿದ್ದೇನೆ.