ಕೆಲಸ ಎಲ್ಲಾ ಮೆಷಿನ್ನೇ ಮಾಡಿದ್ರೆ ಮಾಲು ಕೊಳ್ಳೋರು ಯಾರು?

ಲೆಕ್ಕಪತ್ರ: ನಾನು ಅಕೌಂಟ್ಸ್ ಸೆಕ್ಷನ್‌ನಲ್ಲಿರೋದು. ಮೊದಲು ಸಪ್ಲೈಯರ್ ಬಿಲ್‌ಗಳನ್ನ ಒಂದೊಂದಾಗಿ ನೋಡಿ ನಾವೇ ಎಂಟ್ರಿ ಹಾಕ್ತಿದ್ವಿ, ಈಗ ಸ್ಕ್ಯಾನ್ ಮಾಡಿದ್ರೆ ಸಾಕು ಸಾಫ್ಟ್‌ವೇರೇ ಬಿಲ್ ನಂಬರ್, ತಾರೀಖು, ಮೊತ್ತ ಓದ್ಕೊಂಡು ಪರ್ಚೇಸ್ ಆರ್ಡರ್ ಜೊತೆ ತಾಳೆ ನೋಡಿ ಪಾಸ್ ಮಾಡಿಬಿಡುತ್ತೆ, ಸೀಲು ಬಿದ್ದು ಅಂಕಿ ಕಾಣದೇ ಇರೋವು, ತಾಳೆ ಆಗದೇ ಇರೋವು ಮಾತ್ರ ನಮ್ಮ ಹತ್ರ ಬರ್ತವೆ. ಯಾರನ್ನೂ ಕೆಲಸದಿಂದ ತೆಗೆದಿಲ್ಲ, ಆದ್ರೆ ಬಿಟ್ಟು ಹೋದೋರ ಜಾಗಕ್ಕೆ ಹೊಸಬರನ್ನ ತಗೊಳ್ತಾನೂ ಇಲ್ಲ. ಎಲ್ಲಾ ಕಂಪನಿಗಳೂ ಹೀಗೇ ಸಂಬಳ ಉಳಿಸ್ತಾ ಹೋದ್ರೆ ಅವರ ಮಾಲು ಕೊಳ್ಳೋಕೆ ಜನರ ಕೈಲಿ ದುಡ್ಡು ಎಲ್ಲಿಂದ ಬರುತ್ತೆ?

ಹಳೇಬೇರು: ಅಷ್ಟು ಹೆದರಬೇಡಿ ಸರ್. 1811ರಲ್ಲೇ ಇಂಗ್ಲೆಂಡಿನಲ್ಲಿ ಲಡೈಟ್‌ಗಳು ಅನ್ನೋ ಬಟ್ಟೆ ಕೆಲಸಗಾರರು ಇದೇ ಭಯಕ್ಕೆ ಹೆಣೆಯೋ ಮೆಷಿನ್ ಒಡೆದು ಹಾಕಿದ್ರು. ಫೋರ್ಡ್ ಕಾರ್ಖಾನೆ ನೋಡಿ, 1913ರಲ್ಲಿ ಅಸೆಂಬ್ಲಿ ಲೈನ್ (ಕಾರು ಸಾಲಲ್ಲಿ ಸಾಗ್ತಾ ಇರುತ್ತೆ, ಒಬ್ಬೊಬ್ರು ಒಂದೊಂದೇ ಕೆಲಸ ಮಾಡ್ತಾರೆ) ಬಂದ್ಮೇಲೆ ಒಂದು ಚಾಸಿ, ಅಂದ್ರೆ ಕಾರಿನ ಅಡಿ ಚೌಕಟ್ಟು, ಜೋಡಿಸೋಕೆ ಹನ್ನೆರಡೂವರೆ ಗಂಟೆ ಹಿಡೀತಿದ್ದದ್ದು ಸುಮಾರು ಒಂದೂವರೆ ಗಂಟೆಗೆ ಇಳೀತು. 1908ರಲ್ಲಿ 850 ಡಾಲರ್ ಇದ್ದ ಮಾಡೆಲ್ ಟಿ ಕಾರು 1920ರ ದಶಕದ ಮಧ್ಯದಲ್ಲಿ 300 ಡಾಲರ್‌ಗಿಂತ ಕಮ್ಮಿಗೆ ಸಿಗ್ತಿತ್ತು. ರೇಟು ಇಳಿದಿದ್ದಕ್ಕೇ ಕೊಳ್ಳೋರು ಹೆಚ್ಚಾದ್ರು, ಕೆಲಸಾನೂ ಹೆಚ್ಚಾಯ್ತು.

ಕೂಲಿಮಾತು: ಫೋರ್ಡ್ ಕಥೇನ ಅರ್ಧಕ್ಕೆ ನಿಲ್ಲಿಸಿಬಿಟ್ರಿ. 1914ರಲ್ಲಿ ಅವರು ದಿನಕ್ಕೆ 5 ಡಾಲರ್ ಕೊಡೋಕೆ ಶುರು ಮಾಡಿದ್ದು ಯಾಕೆ? ಆ ಲೈನ್ ಕೆಲಸ ತಡ್ಕೊಳ್ಳೋಕಾಗದೆ ಜನ ಬಿಟ್ಟು ಓಡ್ತಿದ್ರು, ಅವರನ್ನ ಉಳಿಸ್ಕೊಳ್ಳೋಕೆ ಬೇರೆ ದಾರಿ ಇರಲಿಲ್ಲ. ಅಂದ್ರೆ ಮೆಷಿನ್‌ಗೂ ಜನ ಬೇಕಿತ್ತು. ಈಗ ಜನಾನೇ ಬೇಡ ಅನ್ನೋ ಕಡೆ ಸಂಬಳ ಏರಿಸಿ ಅಂತ ಕೇಳೋ ಶಕ್ತಿ ಯಾರಿಗಿರುತ್ತೆ? ಡ್ಯಾರನ್ ಅಸೆಮೊಗ್ಲು, ಪಾಸ್ಕ್ವಲ್ ರೆಸ್ಟ್ರೆಪೊ ಅನ್ನೋ ಅರ್ಥಶಾಸ್ತ್ರಜ್ಞರು ಅಮೆರಿಕದ 1990ರಿಂದ 2007ರವರೆಗಿನ ಲೆಕ್ಕ ನೋಡಿ ಹೇಳಿದ್ದು, ಸಾವಿರ ಕೆಲಸಗಾರರಿಗೆ ಒಂದು ರೋಬೋಟ್ ಹೆಚ್ಚಾದ್ರೆ ಕೂಲಿ ಸುಮಾರು 0.4% ಇಳಿಯುತ್ತೆ ಅಂತ. ಕಂಪನಿ ಹೀಗೆ ಉಳಿಸಿದ ದುಡ್ಡು ಎಲ್ಲಿಗೆ ಹೋಗುತ್ತೆ ಅನ್ನೋದೇ ಮುಖ್ಯ. ಮಾಲಿನ ರೇಟು ಇಳಿದ್ರೆ ಸರಿ, ಎಲ್ಲರಿಗೂ ಸ್ವಲ್ಪ ಸ್ವಲ್ಪ ಸಿಗುತ್ತೆ. ಷೇರುದಾರರ ಕೈಗೆ ಹೋದ್ರೆ ಅದರಲ್ಲಿ ಬಹುಪಾಲು ಹೂಡಿಕೆಗೇ ಹೋಗುತ್ತೆ, ಯಾಕಂದ್ರೆ ಕಮ್ಮಿ ಸಂಬಳದೋರು ಕೈಗೆ ಬಂದದ್ದನ್ನ ಹೆಚ್ಚುಕಮ್ಮಿ ಪೂರ್ತಿ ಖರ್ಚು ಮಾಡ್ತಾರೆ, ಶ್ರೀಮಂತರು ಹಾಗೆ ಮಾಡಲ್ಲ, ಅವರಿಗೆ ಅದರ ಅಗತ್ಯಾನೂ ಇಲ್ಲ.

ನಡುಮನೆ: ಇನ್ನೊಂದು ವಿಷಯ ಯಾರೂ ಹೇಳ್ಲಿಲ್ಲ. ಕೆಲಸ ಹೋಗೋದೇ ಬೇಡ, ಹೋಗಬಹುದು ಅನ್ನೋ ಭಯ ಸಾಕು, ಜನ ಕೈ ಬಿಗಿ ಹಿಡೀತಾರೆ. ಫ್ರಿಡ್ಜ್ ಹಾಳಾದ್ರೆ ರಿಪೇರಿ ಮಾಡಿಸ್ತಾರೆ, ಹೊಸ ಸಾಲದ ಕಂತು ಮೈಮೇಲೆ ಹಾಕ್ಕೊಳ್ಳಲ್ಲ, ಊಟಕ್ಕೆ ಹೊರಗೆ ಹೋಗೋದು ನಿಲ್ಲುತ್ತೆ. ಆಗ ಮೆಷಿನ್ನೇ ಇಲ್ಲದ ಅಂಗಡಿ ಹೋಟ್ಲುಗಳಲ್ಲೂ ವ್ಯಾಪಾರ ಬಿದ್ದೋಗುತ್ತೆ.

ಲೆಕ್ಕಪತ್ರ: @ನಡುಮನೆ ಹೌದು, ನಮ್ಮ ಸೆಕ್ಷನ್‌ನಲ್ಲೂ ಮನೆ ಲೋನ್‌ಗೆ ಅರ್ಜಿ ಹಾಕಿದ್ದೋರು ಒಬ್ರು ವಾಪಸ್ ತಗೊಂಡ್ರು. @ಕೂಲಿಮಾತು ಹಾಗಾದ್ರೆ ಮೆಷಿನ್‌ನಿಂದ ಉಳಿದ ಟೈಮನ್ನ, ಸಂಬಳ ಕಡಿಮೆ ಮಾಡದೆ, ಕೆಲಸದ ಅವಧಿ ಇಳಿಸೋಕೆ ಬಳಸಿದ್ರೆ? ಅಷ್ಟೇ ಜನ ಇರ್ತಾರೆ, ಖರ್ಚು ಮಾಡೋ ದುಡ್ಡೂ ಇರುತ್ತೆ. ಕಂಪನಿಗೆ ಇದನ್ನ ಒಪ್ಪಿಸೋಕೆ ಯೂನಿಯನ್ ಇಲ್ಲದ ಕಡೆ ಏನು ದಾರಿ ಇದೆ ಹೇಳಿ.